ಅಜ್ಜನ ಮಂಚದ ದಿಕ್ಕು

ಬೇರೆಯವರ ಮೂಢನಂಬಿಕೆ ಬಿಡಿಸುವುದರಲ್ಲಿ ನನ್ನ ಕೈಗುಣ ಒಳ್ಳೆಯದು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ. ಖಾಲಿ ತೊಟ್ಟಿಲು ತೂಗಬಾರದು, ಹೊಸ್ತಿಲ ಮೇಲೆ ಕೂರಬಾರದು, ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ಮನೆಯ ಒಂದೊಂದು ಸಾಮಾನಿಗೂ ಒಂದೊಂದು ಕಟ್ಟಳೆ ಅಂಟಿಸಿಟ್ಟ ನಮ್ಮ ಹಿರಿಯರನ್ನು ತರಗತಿಯಲ್ಲಿ ಎಷ್ಟು ಗೇಲಿ ಮಾಡಿದ್ದೇನೆಂದರೆ, ಅವರಿಗೇನಾದರೂ ಕೇಳಿಸಿದ್ದರೆ ಪಕ್ಷದಲ್ಲಿ ನಾನಿಟ್ಟ ಎಡೆಯನ್ನು ಮುಟ್ಟುತ್ತಿರಲಿಲ್ಲ.

ಅಂಥ ನನ್ನನ್ನು ಕಾಡಿದ್ದು ಗುಬ್ಬಿ ಊರಿನ ಹಳೇ ಮನೆಯಲ್ಲಿದ್ದ ಅಜ್ಜನ ಹಲಸಿನ ಮರದ ಮಂಚ. ತಲೆಕಡೆಯ ಹಲಗೆಯಲ್ಲಿ ಎರಡು ನವಿಲು ಕೆತ್ತಿದ್ದಾರೆ. ಅದರ ಮೇಲೆ ಅಜ್ಜನ ಪಕ್ಕ ಮಲಗಿ ಬೆಳೆದವನು ನಾನು. ಅದು ತಮ್ಮನ ಪಾಲಾಗುತ್ತದೆಂದರೆ ಹೊಟ್ಟೆ ಉರಿಯುತ್ತಿತ್ತು. ಅಮ್ಮನನ್ನು ಕಾಡಿ ಬೇಡಿ, ಟೆಂಪೋಗೆ ಹೇರಿಸಿ, ಶಿರಾ ಗೇಟ್ ಹತ್ತಿರದ ನಮ್ಮ ಮನೆಗೆ ತಂದೆ. ರೂಮಿನಲ್ಲಿ ಅದು ಹಿಡಿಸಿದ್ದು ಒಂದೇ ರೀತಿಯಲ್ಲಿ, ನವಿಲುಗಳು ಉತ್ತರದ ಗೋಡೆಗೆ. ಬೇರೆ ಹೇಗೆ ಹಾಕಿದರೂ ಬಾಗಿಲು ತೆರೆಯದು, ಇಲ್ಲವೇ ಬೀರು ತೆರೆಯದು. ಹೆಂಡತಿ ಅದನ್ನು ನೋಡಿದವಳೇ ನೇರ ಅಮ್ಮನಿಗೆ ಫೋನ್ ಮಾಡಿದಳು.

ಭಾನುವಾರ ಅಮ್ಮ ಬಂದಳು. ಮಂಚ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. ನಾನು ಭೂಮಿಯೂ ಒಂದು ಅಯಸ್ಕಾಂತ ಎಂಬಲ್ಲಿಂದ ಶುರುಮಾಡಿ ಸಾವಧಾನವಾಗಿ ವಿವರಿಸಿದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

"ನಿಮ್ಮಜ್ಜನ ಮಂಚದಾಗೆ ಯಾರೂ ಹಂಗೆ ಮಲಗಿಲ್ಲ ಕಣಪ್ಪ. ನೀನು ಮಲಗೇ ತೀರ್ತೀನಿ ಅಂದ್ರೆ, ಅದು ನಿನ್ ತಮ್ಮನ್ ಮನೆಗೆ ಹೋಗ್ಲಿ ಬುಡು."

ಮಂಚವೂ ಉಳಿಯಬೇಕು, ವಿಜ್ಞಾನವೂ ಉಳಿಯಬೇಕು. ಪ್ರಯೋಗ ಮಾಡಿ ತೋರಿಸಿಬಿಡೋಣವೆಂದು, ಮುದ್ದೆ ಊಟ ಮುಗಿಸಿ ಎಲ್ಲರೆದುರೇ ಹೋಗಿ ನವಿಲುಗಳ ಕೆಳಗೆ ತಲೆಯಿಟ್ಟೆ. ಮುದ್ದೆ ಉಂಡವನಿಗೆ ಬರಬೇಕಾದ ನಿದ್ದೆ ಬರಲಿಲ್ಲ. ಎಡಗೈ ಜುಮ್ಮೆಂದಿತು. ನಾಡಿ ಹಿಡಿದು ಎಣಿಸಿದೆ. ವಿಜ್ಞಾನದ ಮೇಷ್ಟ್ರಾದ್ದರಿಂದ ಎರಡು ಸಲ ಎಣಿಸಿದೆ. ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು. ಮೆಲ್ಲಗೆ ಎದ್ದು, ಬಾಗಿಲು ಮುಂದೆ ಮಾಡಿ, ದಿಂಬನ್ನು ಕಾಲ ಕಡೆಗೆ ಸಾಗಿಸಿದೆ. ಆಹಾ, ಅಂಥ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ!

ಕಣ್ಣು ಬಿಟ್ಟಾಗ ಅಮ್ಮ ಕಾಫಿ ಲೋಟ ಹಿಡಿದು ನನ್ನ ತಲೆಯ ಹತ್ತಿರವೇ ನಿಂತಿದ್ದಳು. ಯಾಕೆ ಈ ಕಡೆ ತಿರುಗಿದೆ ಎಂದು ಕೇಳಿದಳು. ಫ್ಯಾನಿನ ಗಾಳಿ ಇತ್ತಲೇ ಚೆನ್ನಾಗಿ ಬೀಸುತ್ತದೆ ಎಂದು ಅಷ್ಟೇ ಗಾಂಭೀರ್ಯದಿಂದ ಹೇಳಿದೆ. ಅಮ್ಮ ತಲೆಯೆತ್ತಿ ಫ್ಯಾನ್ ನೋಡಿದಳು. ನಾನೂ ನೋಡಿದೆ. ಊಟದ ಹೊತ್ತಿಗೆ ಹೋಗಿದ್ದ ಕರೆಂಟು ಇನ್ನೂ ಬಂದಿರಲಿಲ್ಲ.

"ಮಂಚ ಇಲ್ಲೇ ಇರ್ಲಿ ಬುಡು," ಎಂದು ಅಮ್ಮ ಕಾಫಿ ಕೊಟ್ಟಳು.