ಚಿಕ್ಕಪ್ಪನ ಪಾಲೆ ಕಷಾಯ

ಮಲೇರಿಯಾದ ಮದ್ದು ತರಲು ಹೋಗಿ ಮಲೇರಿಯಾವನ್ನೇ ಹೊತ್ತು ತಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಅದೂ ಒಂದಲ್ಲ ಹಲವು ಸಲ. ನನ್ನ ನೆನಪು ಅಷ್ಟೇನೂ ನಂಬಿಕಸ್ಥವಲ್ಲ. ನಡೆದದ್ದಕ್ಕೆ ಒಂದಿಷ್ಟು ಉಪ್ಪು ಖಾರ ತಾನೇ ಸೇರಿಸಿಬಿಡುತ್ತದೆ. ಆದರೆ ನನ್ನ ಚಿಕ್ಕಪ್ಪನ ವಿಷಯದಲ್ಲಿ ಅದಕ್ಕೆ ಕೆಲಸವೇ ಇಲ್ಲ!

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ವಿಲ್ಲಾಗಳ ಏಸಿ ರಿಪೇರಿ ನೋಡಿಕೊಳ್ಳುವ ಅವರು ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಸರಿಯಾಗಿ ರಜೆ ಹಾಕಿ ಮಂಗಳೂರಿಗೆ ಹೋಗುತ್ತಾರೆ. ಅಂದು ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಕಬ್ಬಿಣ ತಾಗಬಾರದು, ಮೈಮೇಲೆ ಬಟ್ಟೆ ಇರಬಾರದು. ಅದರ ಕಷಾಯ ಕುಡಿದರೆ ವರ್ಷವಿಡೀ ಜ್ವರ ಸುಳಿಯದು ಎಂಬುದು ಊರಿನ ನಂಬಿಕೆ. ನಮ್ಮದು ಕೊಂಕಣಿ ಕ್ರೈಸ್ತರ ಮನೆಯಾದ್ದರಿಂದ ಚಡ್ಡಿಗೆ ವಿನಾಯಿತಿ ಇತ್ತು. ಮಳೆಗಾಲದ ಮಂಗಳೂರು, ನಸುಕು, ಬರಿಮೈ. ಸೊಳ್ಳೆಗಳಿಗೆ ಇನ್ನೇನು ಬೇಕು!

ಒಮ್ಮೆ ತೊಗಟೆ ಕಟ್ಟಿಕೊಂಡು ಮರಳುವಾಗ ಅಬುಧಾಬಿ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಪೊಟ್ಟಣ ಬಿಚ್ಚಿಸಿ ಇದೇನೆಂದು ಕೇಳಿದನಂತೆ. ಚಿಕ್ಕಪ್ಪ ಒಂದು ಚೂರು ತೊಗಟೆಯನ್ನು ಬೆಲ್ಲದಂತೆ ಜಗಿದು ತೋರಿಸಿ, ಅವನಿಗೂ ಒಂದು ಚೂರು ಕೊಟ್ಟರು. ನಾಲಗೆಗೆ ತಾಗಿದ್ದೇ ತಡ, ಆತ ಕಣ್ಣು ಮುಚ್ಚಿ, “ಯಲ್ಲಾ, ಯಲ್ಲಾ” ಎಂದು ಬೇಗ ಹೊರಡುವಂತೆ ಕೈಬೀಸಿದ.

“ಅವನಿಗೆ ಕಹಿಯಂತೆ,” ಎಂದರು ಚಿಕ್ಕಪ್ಪ ತಾತ್ಸಾರದಿಂದ. “ಪಾಲೆ ಎಂಥ ಕಹಿ ಮಾರಾಯ?”

ವಾರ ಕಳೆದು ನಡುಕದ ಜ್ವರ ಬಂತು. ಅಲ್ಲಿನ ಕ್ಲಿನಿಕ್ಕಿನಲ್ಲಿದ್ದ ಹುಬ್ಬಳ್ಳಿ ಕಡೆಯ ಡಾಕ್ಟರು ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ನಕ್ಕರು. “ಕಾಕಾ, ಔಷಧ ತರಾಕ ಹೋಗಿ ಜಡ್ಡು ತಂದೀರಲ್ರಿ.”

“ಪಾಲೆ ಕುಡಿಯದಿದ್ರೆ ಇದಕ್ಕಿಂತ ಜೋರು ಬರ್ತಿತ್ತು ಡಾಕ್ಟ್ರೇ.”

“ಜ್ವರ ಬಿಟ್ರೂ ಮಾತ್ರೆ ನಡುವ ಬಿಡಬ್ಯಾಡ್ರಿ. ರೋಗ ಲಿವರಿನ್ಯಾಗ ಅಡಗಿ ಕುಂತಿರತೈತಿ.”

ನಡುವೆ ಬಿಡುವುದೆಲ್ಲಿ ಬಂತು, ಶುರು ಮಾಡಿದರೆ ತಾನೇ? ಮಾತ್ರೆ ಉಷ್ಣ, ಕಷಾಯವೇ ಸಾಕು ಎಂದು ಚಿಕ್ಕಪ್ಪ ಚಾಪೆ ಹಾಸಿ ಮಲಗಿದರು. ಚಿಕ್ಕಮ್ಮ ಮಾತ್ರ ಆಸ್ಪತ್ರೆಯಲ್ಲಿ ನರ್ಸ್. ಡಾಕ್ಟರು ಬರೆದ ಮಾತ್ರೆಯನ್ನು ದಿನವೂ ನುಣ್ಣಗೆ ಪುಡಿ ಮಾಡಿ ಕಷಾಯಕ್ಕೆ ಬೆರೆಸಿ ಕೊಟ್ಟರು. ಕಹಿಯೊಳಗೆ ಕಹಿ, ಯಾರಿಗೆ ಗೊತ್ತಾಗುತ್ತದೆ? ಜ್ವರ ಹೋಯಿತು. ಪಾಲೆಯ ಮಹಿಮೆ ಸಂಬಂಧಿಕರ ವಾಟ್ಸ್ಯಾಪಿನಲ್ಲೆಲ್ಲ ಹರಡಿತು!

ಪ್ರತಿ ಜ್ವರಕ್ಕೂ ಇದೇ ನಾಟಕ. ಪ್ರತಿ ನಾಟಕದ ನಂತರ ಚಿಕ್ಕಮ್ಮ ಚರ್ಚಿಗೆ ಹೋಗಿ, ಗಂಡನಿಗೆ ಮೋಸ ಮಾಡಿದೆನೆಂದು ಪಾಪನಿವೇದನೆ ಮಾಡಿ ಬರುತ್ತಿದ್ದರು.

“ಪಾದ್ರಿ ಏನಂದ್ರು?” ಎಂದು ಕೇಳಿದ್ದೆ.

“ಮಾತ್ರೆ ನಿಲ್ಲಿಸ್ಬೇಡ ಅಂದ್ರು. ಆದ್ರೂ ಮೋಸ ಮೋಸವೇ ಅಲ್ವಾ ಮಗಾ?” ಅವರು ನಗಲಿಲ್ಲ. ಇದು ಚೆನ್ನಾಗಿ ನೆನಪಿದೆ.

ಕಳೆದ ಚಳಿಗಾಲದಲ್ಲಿ ಚಿಕ್ಕಮ್ಮ ಹೃದಯಾಘಾತದಿಂದ ಹೋಗಿಬಿಟ್ಟರು. ಈ ವರ್ಷವೂ ಚಿಕ್ಕಪ್ಪ ಆಟಿಗೆ ಊರಿಗೆ ಹೋದರು, ಜ್ವರ ಹೊತ್ತು ಬಂದರು. ನಾನು ದುಬೈಯ ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಿಂದ ನೇರ ಅವರ ಮನೆಗೆ ಓಡಿದೆ. ಕಷಾಯ ಕುದಿಸಿ, ಮಾತ್ರೆಯನ್ನು ಚಮಚದ ಬೆನ್ನಿನಿಂದ ಅರೆದು, ಕಲಕಿ ಕೊಟ್ಟೆ.

ಚಿಕ್ಕಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

“ಪುಡಿ ಸರಿಯಾಗ್ಲಿಲ್ಲ. ಅವಳು ನುಣ್ಣಗೆ ಮಾಡ್ತಿದ್ಲು.”

“ನಿಮಗೆ ಗೊತ್ತಿತ್ತಾ?”

“ಮೊದಲ ಸಲವೇ ಗೊತ್ತಾಯ್ತು. ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ಕೂತು ನನ್ನ ಮುಖ ನೋಡ್ತಿದ್ಲು. ಗೊತ್ತುಂಟು ಅಂದಿದ್ರೆ ಮಾತ್ರೆ ಕೈಗಿಟ್ಟು ಡ್ಯೂಟಿಗೆ ಹೋಗ್ತಿದ್ಲು.” ಲೋಟವನ್ನೊಮ್ಮೆ ತಿರುಗಿಸಿದರು. “ಒಂದು ಸಲ ಹೇಳ್ಬೇಕಿತ್ತು. ನನಗೆ ಮೋಸ ಮಾಡ್ತಿದ್ದೇನೆ ಅಂತ ಕೊರಗಿದ್ಲಾ ಅವಳು? ನಿನ್ನ ಹತ್ರ ಏನಾದ್ರೂ ಹೇಳಿದ್ದುಂಟಾ?”

ನೆನಪು ನಂಬಿಕಸ್ಥವಲ್ಲದಿರುವುದು ಕೆಲವೊಮ್ಮೆ ಒಳ್ಳೆಯದೇ.

“ಇಲ್ಲ ಚಿಕ್ಕಪ್ಪ. ಹೇಳಿ ಹೇಳಿ ನಗ್ತಿದ್ರು,” ಎಂದೆ.

“ಹಾಗಾದ್ರೆ ಸರಿ.”

ಕಷಾಯದ ಲೋಟವನ್ನು ದೂರ ಸರಿಸಿ, ಇನ್ನೊಂದು ಮಾತ್ರೆ ಕೇಳಿ ಪಡೆದು ನೀರಿನಲ್ಲಿ ನುಂಗಿದರು. ಪಾಲೆಯನ್ನು ಬೆಲ್ಲದಂತೆ ಜಗಿಯುತ್ತಿದ್ದ ಮನುಷ್ಯ ಕಣ್ಣು ಬಿಗಿಯಾಗಿ ಮುಚ್ಚಿ, “ಕಹಿ,” ಎಂದರು.