ಬೊಂಬೆಯೊಂದಿಗೆ ಅನಗತ್ಯ ಸಂಭಾಷಣೆ

ಅಗ್ನಿಶಾಮಕ ಇಲಾಖೆಯ ದೈಹಿಕ ಕ್ಷಮತಾ ಪರೀಕ್ಷಾಧಿಕಾರಿಗಳಾದ ಮಾನ್ಯರೇ,

ತಮ್ಮ ಕೈಯ ಸ್ಟಾಪ್‌ವಾಚಿಗೂ, ಕುತ್ತಿಗೆಯ ಸೀಟಿಗೂ, ಪರೀಕ್ಷೆಯ ದಿನ ತಾವು ನೆರಳಿನಲ್ಲಿ ಹಾಕಿಸಿಕೊಂಡು ಕೂರುವ ಕುರ್ಚಿಗೂ ಮೊದಲು ನನ್ನ ಗೌರವಪೂರ್ವಕ ನಮಸ್ಕಾರಗಳು. ನಾನು ತಮ್ಮ ಠಾಣೆಯ ಎರಡನೇ ವಾಹನದಲ್ಲಿ ಕೆಲಸ ಮಾಡುವ ಹಿರಿಯ ಅಗ್ನಿಶಾಮಕರೊಬ್ಬರ ಹೆಂಡತಿ. ಠಾಣೆಯಲ್ಲಿ ಅವರನ್ನು ಎಲ್ಲರೂ 'ನಿಧಾನಣ್ಣ' ಎಂದು ಕರೆಯುತ್ತಾರೆಂಬುದು ತಮಗೆ ತಿಳಿದೇ ಇದೆ, ಏಕೆಂದರೆ ಆ ಹೆಸರಿಟ್ಟವರು ತಾವೇ.

ಹೋದ ವಾರ ಅವರ ಫಲಿತಾಂಶದ ಹಾಳೆ ಮನೆಗೆ ಬಂತು. ತೇರ್ಗಡೆ ಎಂದು ಬರೆದಿದ್ದೀರಿ, ತಮ್ಮ ಉದಾರತೆಗೆ ನಾವೆಲ್ಲ ಋಣಿಗಳು. ಆದರೆ ಅದರ ಕೆಳಗೆ, ಷರಾ ಎಂಬ ಜಾಗದಲ್ಲಿ, ತಮ್ಮ ದುಂಡು ಅಕ್ಷರಗಳಲ್ಲಿ ಹೀಗೆಂದು ದಾಖಲಿಸಿದ್ದೀರಿ: 'ಬೊಂಬೆಯೊಂದಿಗೆ ಅನಗತ್ಯ ಸಂಭಾಷಣೆ. ಗಾಂಭೀರ್ಯದ ಕೊರತೆ.' ಇಪ್ಪತ್ತಾರು ವರ್ಷದ ಸೇವೆಯಲ್ಲಿ ಅವರ ಮೇಲೆ ಬಿದ್ದದ್ದು ಇದೊಂದೇ ಕೆಂಪು ಶಾಯಿಯ ಬರಹ. ಅದನ್ನು ನೋಡಿದ ಮೇಲೆ ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಭಾಷಣೆ ನಡೆದದ್ದು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಅನಗತ್ಯ' ಎಂಬ ಪದದ ಬಗ್ಗೆ ನನ್ನ ತಕರಾರಿದೆ, ಮತ್ತು ಇದಕ್ಕೆಲ್ಲ ಮೂಲ ಕಾರಣ ತಾವೇ ಆಗಿರುವುದರಿಂದ ನಡೆದದ್ದನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಎರಡೂವರೆ ತಿಂಗಳ ಹಿಂದಿನ ಮೊದಲ ಪರೀಕ್ಷೆ ತಮಗೆ ನೆನಪಿರಬಹುದು. ಹೆಲ್ಮೆಟ್ಟು, ದಪ್ಪ ಕೋಟು, ಬೂಟು, ಬೆನ್ನಿಗೆ ಗಾಳಿಯ ಸಿಲಿಂಡರು, ಹೆಗಲಿಗೆ ಸುತ್ತಿದ ನೀರಿನ ಪೈಪು, ಇಷ್ಟನ್ನೂ ಹೊತ್ತು ತರಬೇತಿ ಗೋಪುರದ ಐದು ಮಹಡಿ ಹತ್ತಬೇಕು. ಪೈಪು ಅಲ್ಲಿಳಿಸಿ, ಅಲ್ಲೇ ಮಲಗಿಸಿರುವ, ಮನುಷ್ಯನಷ್ಟೇ ಎತ್ತರದ ಅರವತ್ತು ಕಿಲೋ ಬೊಂಬೆಯನ್ನು ಹೊತ್ತು ಕೆಳಗೆ ತರಬೇಕು. ಎಲ್ಲವೂ ಏಳು ನಿಮಿಷದೊಳಗೆ. ನಲವತ್ತೊಂಬತ್ತು ವರ್ಷದ ನಮ್ಮವರು ಬೊಂಬೆಯ ಸಮೇತ ಮೂರನೇ ಮಹಡಿಯ ತಿರುವಿನಲ್ಲಿ ಕುಳಿತುಬಿಟ್ಟರು. ತಾವು ಕೆಳಗಿನಿಂದಲೇ ಸೀಟಿ ಊದಿ, ಎಂಟು ವಾರದ ಅವಕಾಶ ಕೊಟ್ಟು, ಮತ್ತೆ ಸೋತರೆ ವಾಹನದಿಂದ ಇಳಿಸಿ ಕಂಟ್ರೋಲ್ ರೂಮಿನ ಫೋನಿನ ಮುಂದೆ ಕೂರಿಸುವುದಾಗಿ ತಿಳಿಸಿದಿರಿ. ಬೆಂಕಿ ಬಿದ್ದ ಮನೆಯ ವಿಳಾಸ ಬರೆದುಕೊಂಡು ಬೇರೆಯವರನ್ನು ಕಳಿಸುವ ಕೆಲಸ. ಅದೂ ಗೌರವದ ಕೆಲಸವೇ. ಆದರೆ ಅವತ್ತು ಮನೆಗೆ ಬಂದವರು ಬೂಟು ಬಿಚ್ಚದೆ ಬಾಗಿಲಲ್ಲೇ ಅರ್ಧ ಗಂಟೆ ಕೂತಿದ್ದರು.

ಮಾರನೆಯ ದಿನದಿಂದ ಅಭ್ಯಾಸ ಶುರುವಾಯಿತು. ನಮ್ಮ ಮನೆ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ, ಐವತ್ತನಾಲ್ಕು ಮೆಟ್ಟಿಲ ಮೇಲಿದೆ. ಇವರು ಮರಳಿನ ಚೀಲ ಹೊತ್ತು ಹತ್ತಿ ಇಳಿಯತೊಡಗಿದರು. ನಾಲ್ಕನೇ ದಿನ ಚೀಲ ಒಡೆಯಿತು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ತಮ್ಮ ಬಾಗಿಲ ಮುಂದೆ ಸಮುದ್ರ ತೀರ ನಿರ್ಮಾಣವಾಗಿದೆಯೆಂದೂ, ಇನ್ನು ಅಲೆಗಳು ಯಾವಾಗ ಬರುತ್ತವೆಂದೂ ವಿಚಾರಿಸಿದರು. ಎರಡನೇ ಚೀಲಕ್ಕೂ ಅದೇ ಗತಿಯಾಯಿತು.

ಇಲ್ಲಿ ನಮ್ಮ ಮನೆಯ ಒಂದು ವ್ಯವಸ್ಥೆಯನ್ನು ತಮಗೆ ವಿವರಿಸಬೇಕು. ನನ್ನ ತಾಯಿ ನಮ್ಮೊಂದಿಗೇ ಇದ್ದಾರೆ. ಅವರು ತಮ್ಮ ಅಳಿಯನೊಂದಿಗೆ ಇಪ್ಪತ್ತೆರಡು ವರ್ಷ ಮಾತಾಡಿರಲಿಲ್ಲ. ನಮ್ಮ ಮದುವೆಯ ದಿನ ಎಲ್ಲರೂ ಊಟಕ್ಕೆ ಕೂತಾಗ ಮರದ ಗೋದಾಮಿಗೆ ಬೆಂಕಿ ಬಿದ್ದು ಠಾಣೆಯಿಂದ ಕರೆ ಬಂತು. ಮದುಮಗ ತಟ್ಟೆಯ ಮುಂದಿನಿಂದ ಎದ್ದು ಹೋದವರು ಸಂಜೆ ಮೈಯೆಲ್ಲ ಮಸಿ ಮಾಡಿಕೊಂಡು ಬಂದರು. ಅಂದಿನಿಂದ ಅಮ್ಮ ಹೇಳುವುದನ್ನೆಲ್ಲ ನನಗೆ ಹೇಳುತ್ತಿದ್ದರು, ನಾನು ಅದೇ ಮೇಜಿನ ಆಚೆ ತುದಿಗೆ ತಲುಪಿಸುತ್ತಿದ್ದೆ. ಉಪ್ಪು ಬೇಕೆಂಬುದರಿಂದ ಹಿಡಿದು ಮಗಳ ಕಾಲೇಜಿನವರೆಗೆ ಎಲ್ಲವೂ ನನ್ನ ಮೂಲಕವೇ ಹಾದುಹೋಗುತ್ತಿತ್ತು. ದಾರಿಯಲ್ಲಿ ಒಂದಿಷ್ಟು ಖಾರ ಕಡಿಮೆ ಮಾಡಿ, ಒಂದಿಷ್ಟು ಸಕ್ಕರೆ ಸೇರಿಸಿ, ನನಗೆ ಬೇಕಾದ ಹಾಗೆ ತಿದ್ದಿ ಕೊಡುತ್ತಿದ್ದೆ. ಇದರಿಂದ ನನ್ನ ಸಂಸಾರ ಎಷ್ಟು ಸುಖವಾಗಿತ್ತೆಂದು ತಾವು ಊಹಿಸಬಲ್ಲಿರಿ.

ಎರಡನೇ ಚೀಲ ಒಡೆದ ಬೆಳಿಗ್ಗೆ ಅಮ್ಮ ನನಗೆ, "ಮರಳು ಹೊರೋ ಬದಲು ನನ್ನನ್ನೇ ಹೊತ್ಕೊಳ್ಳೋಕೆ ಹೇಳು ಅವರಿಗೆ. ನಾನೇನು ಸೋರಲ್ಲ" ಎಂದರು. ಮಂಡಿನೋವಿನಿಂದ ಅವರು ಮನೆಯಿಂದ ಕೆಳಗಿಳಿದು ಹದಿನಾಲ್ಕು ತಿಂಗಳಾಗಿತ್ತು. ಬೀದಿಯ ತುದಿಯಲ್ಲಿ ರಸ್ತೆ ದಾಟುವ ಮೇಲ್ಸೇತುವೆ ಕಟ್ಟುವ ಸದ್ದನ್ನು ಒಂದು ವರ್ಷ ಕಿಟಕಿಯಲ್ಲಿ ಕೂತು ಕೇಳಿದ್ದರು, ಸೇತುವೆಯನ್ನು ನೋಡಿರಲಿಲ್ಲ. ಆಸ್ಪತ್ರೆಯ ಚೀಟಿಯ ಪ್ರಕಾರ ತೂಕ ಐವತ್ತೆಂಟು ಕಿಲೋ. ಉಳಿದ ಎರಡು ಕಿಲೋಗೆ ತಮ್ಮ ಕೈಚೀಲ ಇದೆಯೆಂದರು.

ಮೊದಲ ದಿನ ಇವರು ಇಲಾಖೆಯ ನಿಯಮದಂತೆ ಅವರನ್ನು ಹೆಗಲ ಮೇಲೆ ಅಡ್ಡಲಾಗಿ ಹಾಕಿಕೊಂಡರು. ತಲೆಕೆಳಗಾದ ಅಮ್ಮ ನನ್ನ ಮುಖ ನೋಡಿ ಅಳಿಯನಿಗೆ ಏನೋ ಹೇಳಲು ಬಾಯಿ ತೆರೆದರು. ಆದರೆ ಮಾನ್ಯರೇ, ನಾನು ಹನ್ನೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅವರಿಬ್ಬರೂ ಒಂದು ಮಹಡಿ ದಾಟಿದ್ದರು. ಮಧ್ಯವರ್ತಿ ಹಿಂದೆ ಉಳಿದಳು. ಎರಡನೇ ಮಹಡಿಯ ತಿರುವಿನಲ್ಲಿ ಯಾರದೋ ಸೈಕಲ್ಲು ಅಡ್ಡ ನಿಂತಿತ್ತು, ಹೇಳದೆ ಗತ್ಯಂತರವಿರಲಿಲ್ಲ. "ಅಳಿಯಂದ್ರೇ, ಎಡಗಡೆ ಸೈಕಲ್ಲಿದೆ" ಎಂದರು ಅಮ್ಮ. "ನೋಡಿದೆ ಅತ್ತೆ" ಎಂದರು ಇವರು. ಇಪ್ಪತ್ತೆರಡು ವರ್ಷದ ಮೌನ ಒಂದು ಸೈಕಲ್ಲಿಗೆ ಬಲಿಯಾಯಿತು.

ಆಮೇಲೆ ಇವರಿಬ್ಬರ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಅಮ್ಮ ತಲೆ ಬಾಚಿ, ಕನ್ನಡಕ ಹಾಕಿ, ಬಾಗಿಲಲ್ಲಿ ಸಿದ್ಧ. ಇಳಿಯುವಾಗ ಹೆಗಲ ಮೇಲೆ, ಹತ್ತುವಾಗ ಬೆನ್ನ ಮೇಲೆ. ಕೆಳಗೆ ಮೇಷ್ಟ್ರು ಗಡಿಯಾರ ಹಿಡಿದು ನಿಂತು ಸಮಯ ಬರೆದಿಡುತ್ತಿದ್ದರು. ಹೊಗೆ ತುಂಬಿದ ಕೋಣೆಯಿಂದ ಒಬ್ಬರನ್ನು ಹೊತ್ತು ತರುವಾಗ ಬಿಡದೆ ಮಾತಾಡಿಸಬೇಕೆಂದೂ, ಉತ್ತರ ಬಂದರೆ ಅವರಿಗೆ ಪ್ರಜ್ಞೆಯಿದೆಯೆಂದು ತಿಳಿಯುತ್ತದೆಂದೂ, ಉತ್ತರ ಬರದಿದ್ದರೂ ಮಾತು ನಿಲ್ಲಿಸಬಾರದೆಂದೂ ಇವರು ಅತ್ತೆಗೆ ವಿವರಿಸುವುದು ನನಗೆ ಮೇಲಿನಿಂದ ಕೇಳಿಸುತ್ತಿತ್ತು. ತಮ್ಮ ಕೆಲಸದ ಬಗ್ಗೆ ಅಷ್ಟು ಮಾತನ್ನು ನನಗೆ ಅವರು ಯಾವತ್ತೂ ಹೇಳಿದವರಲ್ಲ.

ಐದನೇ ವಾರದ ಒಂದು ಬೆಳಿಗ್ಗೆ ಅಮ್ಮ ಮೆಟ್ಟಿಲ ನಡುವೆ ಮದುವೆಯ ದಿನದ ಮಾತೆತ್ತಿದರು. ನನ್ನ ತಂದೆ ವಿದ್ಯುತ್ ಕಂಬ ಹತ್ತುವ ಕೆಲಸದವರು; ನನಗೆ ನಾಲ್ಕು ವರ್ಷವಾಗಿದ್ದಾಗ ಕೆಲಸದಲ್ಲೇ ತೀರಿಕೊಂಡರೆಂಬುದಷ್ಟೇ ನನಗೆ ಗೊತ್ತಿತ್ತು. ತೀರಿಕೊಂಡ ದಿನ ಅವರೂ ಅರ್ಧ ಊಟದಲ್ಲಿ ಕರೆ ಬಂದು ಎದ್ದು ಹೋಗಿದ್ದರಂತೆ. ತಟ್ಟೆಯನ್ನು ಅಮ್ಮ ಸಂಜೆಯವರೆಗೆ ಮುಚ್ಚಿಟ್ಟಿದ್ದರಂತೆ. "ಊಟದ ಮಧ್ಯೆ ಎದ್ದು ಹೋದೋರು ವಾಪಸ್ ಬರಲ್ಲ ಅಂತ ನನ್ನ ತಲೇಲಿ ಕೂತುಬಿಟ್ಟಿತ್ತು. ನೀವು ಪ್ರತಿ ಸಲ ಬಂದ್ರಿ. ಬಂದಾಗೆಲ್ಲ ನನಗೆ ಇನ್ನೂ ಸಿಟ್ಟು ಬರ್ತಿತ್ತು" ಎಂದರು. ಇವರು ಅತ್ತೆಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು. ಆಮೇಲೆ, "ಇನ್ಮೇಲೆ ಹೋಗೋವಾಗ ನಿಮಗೆ ಹೇಳಿ ಹೋಗ್ತೀನಿ ಅತ್ತೆ" ಎಂದರು. ನಾನು ಅರ್ಧ ಮಹಡಿ ಹಿಂದೆ ಗೋಡೆ ಹಿಡಿದು ನಿಂತಿದ್ದೆ. ಅವತ್ತು ಕೆಳಗಿಳಿಯದೆ ಮನೆಗೆ ವಾಪಸಾದೆ.

ಅಭ್ಯಾಸ ಮುಂದುವರಿಯಿತು, ಪರೀಕ್ಷೆಯ ದಿನ ಬಂತು, ನಮ್ಮವರು ಹನ್ನೊಂದು ಸೆಕೆಂಡು ಉಳಿಸಿ ಕೆಳಗೆ ಬಂದರು. ಇಳಿಯುವಾಗ ಮುಖಕವಚದ ಒಳಗಿಂದ ಅವರು ಬೊಂಬೆಗೆ, "ಅತ್ತೆ, ಮಂಡಿ ಗೋಡೆಗೆ ತಾಗುತ್ತೆ, ಮಡಚ್ಕೊಳ್ಳಿ" ಎಂದದ್ದನ್ನು ತಾವು ಸ್ವತಃ ಕೇಳಿಸಿಕೊಂಡು, ಮಾತಾಡಿದರೆ ಸಿಲಿಂಡರಿನ ಗಾಳಿ ವ್ಯರ್ಥವಾಗುತ್ತದೆಂದು ಎಲ್ಲರೆದುರು ಗದರಿದಿರಂತೆ. ತಮ್ಮ ಮಾತಿನಲ್ಲಿ ಸತ್ಯವಿದೆ. ಆದರೆ ಪರೀಕ್ಷೆ ಮುಗಿದಾಗ ಗಾಳಿಯ ಮಾಪಕದ ಮುಳ್ಳು ಇನ್ನೂ ಅರ್ಧ ಸಿಲಿಂಡರು ಬಾಕಿ ತೋರಿಸುತ್ತಿತ್ತೆಂದು ಅದೇ ಹಾಳೆಯಲ್ಲಿ ತಾವೇ ಬರೆದಿದ್ದೀರಿ.

ಆದ್ದರಿಂದ ಆ ಷರಾವನ್ನು ದಯವಿಟ್ಟು ತೆಗೆದುಹಾಕಬೇಕೆಂದು ವಿನಂತಿ. ಅದು ಸಾಧ್ಯವಿಲ್ಲವಾದರೆ ಮುಂದಿನ ವರ್ಷದೊಳಗೆ ಬೊಂಬೆಗೆ ಒಂದು ನಾಲಿಗೆ ಹೊಲಿಸಿ, ಸಂಭಾಷಣೆ ಒಮ್ಮುಖವಾಗದಂತೆ ನೋಡಿಕೊಳ್ಳಬೇಕು. ಹಾಗೆಯೇ ತಮ್ಮ ಪರೀಕ್ಷೆಯಿಂದ ನನಗಾದ ನಷ್ಟವನ್ನೂ ಗಮನಿಸಬೇಕು. ಈಗ ಮನೆಯಲ್ಲಿ ಅತ್ತೆ ಅಳಿಯ ನೇರವಾಗಿ ಮಾತಾಡಿಕೊಳ್ಳುತ್ತಾರೆ. ನಾನು ಇಷ್ಟು ವರ್ಷ ತಿದ್ದಿ ಕೊಟ್ಟ ಮಾತುಗಳನ್ನು ಇಬ್ಬರೂ ಒಟ್ಟಿಗೆ ಕೂತು ತಾಳೆ ಹಾಕುತ್ತಿದ್ದಾರೆ. ಮೊನ್ನೆ ಗೋಡೆಯ ಬಣ್ಣದ ವಿಷಯದಲ್ಲಿ ಇಬ್ಬರೂ ಒಂದಾಗಿ ನನ್ನನ್ನು ಸೋಲಿಸಿದರು. ಅತ್ತೆ ಅಳಿಯ ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ಒಮ್ಮತಕ್ಕೆ ಬರಬಾರದೆಂದು ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿದರೆ ಬಹಳ ಉಪಕಾರವಾಗುತ್ತದೆ.

ಸೇತುವೆ ನೋಡಿದ ಅಮ್ಮ, ಅದರ ಕಂಬಿಗೆ ಬಳಿದಿರುವ ಹಸಿರು ಚೆನ್ನಾಗಿಲ್ಲವೆಂದಿದ್ದಾರೆ. ಅದು ತಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ನಾನು ಅವರಿಗೆ ತಿಳಿಸಿದ್ದೇನೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನಿಧಾನಣ್ಣನವರ ಹೆಂಡತಿ

ತಾ.ಕ.: ಪರೀಕ್ಷೆಯ ದಿನ ಮೈದಾನದ ಬೇಲಿಯಾಚೆ ಕನ್ನಡಕ ಹಾಕಿಕೊಂಡು ಕೂತಿದ್ದ ವೃದ್ಧೆ ನನ್ನ ತಾಯಿಯೇ. ತಾವು ಬೊಂಬೆಯನ್ನು ಪರಿಶೀಲಿಸಲು ಗೋಪುರ ಹತ್ತಿದವರು ಎರಡನೇ ಮಹಡಿಯಿಂದಲೇ ಸೊಂಟ ಹಿಡಿದು ವಾಪಸಾದುದನ್ನು ಅವರು ನೋಡಿ ತುಂಬಾ ನೊಂದುಕೊಂಡರು. ನಮ್ಮವರಿಗೆ ಮುಂದಿನ ಪರೀಕ್ಷೆಗೆ ಇನ್ನೂ ಒಂದು ವರ್ಷವಿರುವುದರಿಂದ ಅಮ್ಮ ಮಂಗಳವಾರ ಮತ್ತು ಶುಕ್ರವಾರ ಬಿಡುವಾಗಿರುತ್ತಾರೆ. ತಾವು ಬಂದು ಹೊತ್ತು ಅಭ್ಯಾಸ ಮಾಡಬಹುದು. ಅವರು ಸುಮ್ಮನಿರುತ್ತಾರೆಂಬ ಭರವಸೆಯೊಂದನ್ನು ಮಾತ್ರ ಕೊಡಲಾರೆ. ಆ ಅಭ್ಯಾಸ ಅವರಿಗೆ ತಪ್ಪಿಹೋಗಿದೆ.