ನದರು ಬಿದ್ದ ಸಂಶೋಧನೆ

ಎರಡು ಸಾಲಿನಲ್ಲಿ ಹೇಳಲಾಗದ ಸುದ್ದಿಯೇ ಇಲ್ಲ ಎಂದು ನಂಬಿ ಹೊಟ್ಟೆ ಹೊರೆಯುವ ಪತ್ರಿಕಾ ವರದಿಗಾರ ನಾನು. ಶಹಾಪುರದ ಬಸ್‌ಸ್ಟ್ಯಾಂಡಿನ ಜಗಳವಿರಲಿ, ಸುರಪುರದ ಸಭೆ-ಸಮಾರಂಭವಿರಲಿ, ಕಾಲುವೆಗೆ ನೀರು ಬಿಟ್ಟದ್ದಿರಲಿ, ಯಾರು, ಏನು, ಎಲ್ಲಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಮುಗಿಸುತ್ತೇನೆ. ಈ ಹೆಮ್ಮೆ ಸೋತದ್ದು ಹೆಂಡತಿಯ ಉದ್ಯೋಗದ ಮುಂದೆ. ಸುನಂದಾ ನರವಿಜ್ಞಾನಿ. ಕಣ್ಣಿಗೆ ಹತ್ತಾರು ವಸ್ತು ಕಂಡರೂ ಮಿದುಳು ಒಂದನ್ನೇ ಯಾಕೆ ಆರಿಸಿಕೊಳ್ಳುತ್ತದೆ ಎಂಬುದು ಅವಳ ಅಧ್ಯಯನ. ಅದಕ್ಕಾಗಿ ಊರೂರಿನ ಲ್ಯಾಬು ಸುತ್ತಿ, ಪ್ರಬಂಧ ಬರೆದು, ಅವು ವಾಪಸು ಬಂದಾಗ ನನ್ನೊಂದಿಗೆ ಜಗಳ ತೆಗೆದು, ಮತ್ತೆ ಬರೆದು ಮೇಲೆ ಬಂದವಳು. ಇಂಥ ಪರೀಕ್ಷೆಗೆ ಯಾವಾಗಲೂ ಕಾಲೇಜು ಹುಡುಗರೇ ಕೂರುತ್ತಾರೆ, ಹೊಲ-ಅಂಗಡಿಗಳಲ್ಲಿ ದುಡಿಯುವವರ ಕಣ್ಣನ್ನು ಯಾರು ಕೇಳಿದ್ದಾರೆ ಎಂದು ಯೋಜನೆ ಬರೆದು, ಯಂತ್ರ ಹೊತ್ತು ನಮ್ಮ ಶಹಾಪುರದ ಮನೆಗೇ ಬಂದಳು. ಜನ ಕೂರದಿದ್ದರೆ ಯೋಜನೆ ನಿಲ್ಲುತ್ತದೆ. ಅದರ ಜೊತೆಗೆ ಅವಳ ತಾತ್ಕಾಲಿಕ ಹುದ್ದೆಯೂ. ಮೊದಲ ವಾರವಿಡೀ ಪಡಸಾಲೆಯಲ್ಲಿ ಅವಳು, ಯಂತ್ರ ಪರಸ್ಪರ ಮುಖ ನೋಡುತ್ತ ಕೂತರು.

‘ಅಕಿ ಏನ್ ಮಾಡಾಕತ್ತಾಳೋ? ಓಣ್ಯಾಗ ಮಂದಿ ಕೇಳ್ತಾರ, ನಾ ಏನ್ ಹೇಳ್ಲಿ?’ ಎಂದಳು ಅವ್ವ. ಸುನಂದಾಳ ಪರಿಭಾಷೆಯಲ್ಲಿ ‘ದೃಶ್ಯ ಗಮನ’ ಎಂದರೆ ಬೈಗುಳ ಖಚಿತ. ಸುದ್ದಿಮನೆಯ ಶಿಸ್ತಿನಿಂದ ಕತ್ತರಿಸಿ ಕೊಟ್ಟೆ: ‘ಮನಷ್ಯಾರ ನದರ ಎಲ್ಲಿ ಬೀಳ್ತದ, ಯಾಕ ಬೀಳ್ತದ, ಅದನ್ನ ನೋಡ್ತಾಳ.’ ನಮ್ಮ ಕಡೆ ನದರು ಎಂದರೆ ನೋಟವೂ ಹೌದು, ಎಳೆಗೂಸು ಹಾಲು ಬಿಡುವಂತೆ ಮಾಡುವ ಕೆಟ್ಟ ದೃಷ್ಟಿಯೂ ಹೌದು. ಅವ್ವ ಎರಡನೆಯದನ್ನು ಆರಿಸಿಕೊಂಡು ಓಣಿಗೆಲ್ಲ ಹಂಚಿದಳು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಖೈರುನಬಿ ಖಾಲಾ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ಅವರ ಹಿಂದೆ, ಎಮ್ಮೆ ಹಾಲು ಕೊಡದ ಮನೆಯೊಡತಿ, ಹೊಸ ಟ್ರ್ಯಾಕ್ಟರ್ ಕೆಟ್ಟು ನಿಂತ ಗೃಹಸ್ಥ, ಸೊಸೆ ಬಂದಾಗಿನಿಂದ ಮೊಣಕಾಲು ನೋಯುವ ಅತ್ತೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ಓಣಿಗೆ ಇಳಿಯಿತು. ‘ಬಂದಾರಲ್ಲ, ಸುಮ್ನ ಕೂಡ್ಸಿಬಿಡು’ ಎಂದು ಸುನಂದಾಳ ಕಿವಿಯಲ್ಲಿ ಹೇಳಿದೆ. ‘ತಪ್ಪು ತಿಳ್ಕೊಂಡು ಕುಂತವರ ಒಪ್ಪಿಗಿ ಒಪ್ಪಿಗಿನೇ ಅಲ್ರಿ’ ಎಂದು ಕಟ್ಟೆಗೆ ಹೋಗಿ ನಿಂತಳು.

‘ಇದು ನದರ ತೆಗಿಯೋ ಮಷಿನ್ ಅಲ್ರಿ. ತಲಿಗೆ ವೈರಿನ ಟೋಪಿ ಹಾಕ್ತೀನಿ. ನಡುವಿನ ಚುಕ್ಕಿ ಮ್ಯಾಲ ಕಣ್ಣಿಡಬೇಕು, ಮಗ್ಗಲಕ್ಕ ಬೆಳಕು ಮಿಂಚಿದ್ರ ಗುಂಡಿ ಒತ್ತಬೇಕು. ಇದ್ರಿಂದ ಯಾರ ಎಮ್ಮಿನೂ ಹಾಲು ಕೊಡಂಗಿಲ್ಲ.’

ಟೋಪಿ ಹಾಕುತ್ತೇನೆ ಎಂದು ಮೊದಲೇ ಹೇಳಿ ಹಾಕುವವರನ್ನು ನನ್ನ ವೃತ್ತಿಯಲ್ಲಿ ಅಂದೇ ಕಂಡದ್ದು. ನಾನು ವರದಿ ಮಾಡಿದ ಉಳಿದವರೆಲ್ಲ ಹೇಳದೆ ಹಾಕಿದವರು. ಎಮ್ಮೆಯ ಒಡತಿ ಚಪ್ಪಲಿ ಹುಡುಕತೊಡಗಿದಳು. ಹುದ್ದೆ ಹೋಯಿತು ಎಂದುಕೊಂಡೆ.

ಖಾಲಾ ಮೊಮ್ಮಗಳನ್ನು ಇನ್ನೊಂದು ಬಗಲಿಗೆ ಬದಲಿಸಿದರು. ‘ನದರ ಎಲ್ಲಿ ಹುಟ್ತದ ಅಂಬೋದಾರ ಗೊತ್ತಾಗ್ತದೇನ್, ಬೇಟಿ?’

‘ತಲಿಯೊಳಗ ಎಲ್ಲಿ ಹುಟ್ತದ ಅಂತ ಅದನ್ನೇ ಹುಡುಕಾಕತ್ತೀನ್ರಿ, ಖಾಲಾ.’

‘ಹಂಗಾದ್ರ ನೀ ಹುಡುಕು. ತೆಗಿಯೋದು ನಮಗ ಬರ್ತದ’ ಎಂದವರೇ ಕೂಸನ್ನು ನನ್ನ ಕೈಗಿತ್ತು, ಕುರ್ಚಿಯಲ್ಲಿ ಕೂತು ತಲೆಯೊಡ್ಡಿದರು. ಎಮ್ಮೆಯ ಒಡತಿ ಚಪ್ಪಲಿ ಮತ್ತೆ ಬಿಟ್ಟಳು.

ಹಂಗಾಮು ಮುಗಿಯುವುದರೊಳಗೆ ಬೇಕಾದಷ್ಟು ಮಂದಿ ಕೂತೆದ್ದರು. ಯೋಜನೆ ಮುಂದುವರಿಯಿತು, ಹುದ್ದೆಯೂ ಉಳಿಯಿತು. ಕೊನೆಯವರು ಎದ್ದುಹೋದ ಸಂಜೆ ಅವ್ವ ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ‘ಇಡೀ ಊರು ಬಂದು ನೋಡಿ ಹೋಗ್ಯಾದ, ನನ್ನ ಸೊಸಿಗೆ ಎಷ್ಟ್ ನದರ ಆಗಿರಬೇಕು!’ ನರವಿಜ್ಞಾನಿ ತಕರಾರಿಲ್ಲದೆ ಕಣ್ಣು ಮುಚ್ಚಿದಳು. ಈ ಜನಸಾಗರಕ್ಕೆ ಮೂಲಪುರುಷ ನಾನಲ್ಲವೇ? ಪಕ್ಕದಲ್ಲಿ ಒತ್ತಿ ಕೂತು, ‘ನನಗೂ ತೆಗಿಯವ್ವ’ ಎಂದೆ.

ಅವ್ವ ನಿವಾಳಿಸುತ್ತಿದ್ದ ಮುಷ್ಟಿ ತಡೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ನಿನ್ನ ಯಾರ್ ನೋಡ್ಯಾರೋ? ಸರಿ ಅತ್ಲಾಗ.’